ಸೊಟ್ಟ ಚಕ್ರ ಮತ್ತು ಸೋದರತ್ತೆ

ಶನಿವಾರ ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷಕ್ಕೆ ನನ್ನ ಸೋದರತ್ತೆ ಹಿತ್ತಿಲಿನಲ್ಲಿ ಗೋಣಿಚೀಲ ಹಾಸಿ, ಅದರ ಮೇಲೆ ತನ್ನ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಹಿಂದಿನ ಚಕ್ರವನ್ನು ಒಂದೇ ಬೆರಳಿನಿಂದ ತಿರುಗಿಸುತ್ತಿದ್ದಳು. ಚಕ್ರ ಮುಕ್ಕಾಲು ಸುತ್ತು ಸರಾಗವಾಗಿ ಬಂದು, ಉಳಿದ ಕಾಲು ಸುತ್ತಿನಲ್ಲಿ ಎಡಕ್ಕೆ ವಾಲಿ, ಬ್ರೇಕಿನ ರಬ್ಬರಿಗೆ ತಾಗಿ ನಿಲ್ಲುತ್ತಿತ್ತು. ಹಿಂದಿನ ದಿನ ಬಟ್ಟೆಗಂಟಿನ ಸಮೇತ ಚರಂಡಿಯ ಮುರಿದ ಮುಚ್ಚಳದ ಮೇಲೆ ಹೋಗಿದ್ದಕ್ಕೆ ಸಿಕ್ಕ ಬಹುಮಾನ ಅದು.

ಅತ್ತೆ ದರ್ಜಿ. ನಮ್ಮ ಮನೆಯ ಮುಂದಿನ ಕೋಣೆಯ ಕಿಟಕಿಗೆ ಒರಗಿಸಿದಂತೆ ಅವಳ ಹೊಲಿಗೆ ಯಂತ್ರ ಇತ್ತು. ಸೋಮವಾರದಿಂದ ಊರಾಚೆಯ ಆಸ್ಪತ್ರೆಯ ಹೊಲಿಗೆ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು. ಆ ಕಡೆಗೆ ಮೊದಲ ಬಸ್ಸು ಹೊರಡುವುದೇ ಏಳೂವರೆಗೆ. ಮೊದಲ ವಾರದಲ್ಲಿ ಒಂದು ದಿನ ತಡವಾದರೂ ಪಟ್ಟಿಯಲ್ಲಿ ಮುಂದಿನವರನ್ನು ಕರೆಯುತ್ತೇನೆಂದು ಅಲ್ಲಿನ ಮೇಲ್ವಿಚಾರಕಿ ಮೊದಲೇ ಹೇಳಿಬಿಟ್ಟಿದ್ದಳು. ಹೀಗಾಗಿ ಲೆಕ್ಕ ಸರಳವಾಗಿತ್ತು. ಚಕ್ರ ತಿರುಗಿದರೆ ಕೆಲಸ, ತಿರುಗದಿದ್ದರೆ ಅಪ್ಪನ ಅಂಗಡಿಯ ಮೂಲೆ.

ಅಪ್ಪ ಅವಳ ಅಣ್ಣ. ಬಣ್ಣದ ಡಬ್ಬಿಗಳ ಅಂಗಡಿ ಅವನದು. ತಂಗಿ ಈ ವಯಸ್ಸಿನಲ್ಲಿ ಸೈಕಲ್ ತುಳಿಯುವುದು ಅವನಿಗೆ ಹಿಡಿಸುತ್ತಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಯಂತ್ರ ಹಾಕಿಕೊಡುತ್ತೇನೆ, ನೆರಳಲ್ಲಿ ಕೂತು ಹೊಲಿ ಎಂದು ವರ್ಷದಿಂದ ಹೇಳುತ್ತಿದ್ದ. ಪ್ರೀತಿಯ ಮಾತೇ. ಆದರೆ ಆ ಮೂಲೆಗೆ ಬರುವ ಗಿರಾಕಿಗಳು ಅಪ್ಪನವರು, ಅಲ್ಲಿನ ದೀಪ ಅಪ್ಪನದು, ಬಾಗಿಲು ಹಾಕುವ ಹೊತ್ತೂ ಅಪ್ಪನದೇ. ಅತ್ತೆ ಬೇಡವೆಂದು ಎಂದೂ ಹೇಳಿರಲಿಲ್ಲ. ನೋಡೋಣ ಎನ್ನುತ್ತಿದ್ದಳು. ಅವಳ "ನೋಡೋಣ" ಎಂದರೆ ಆಗದು ಎಂದೇ ಅರ್ಥವೆಂಬುದು ಮನೆಯಲ್ಲಿ ಅಪ್ಪನೊಬ್ಬನನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಅಪ್ಪನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಅವನ ಸೊಂಟದ್ದು. ಮದುವೆಯ ಕಾಲದಲ್ಲಿ ಅದು ಮೂವತ್ತಾರು ಅಂಗುಲ ಇತ್ತು, ಈಗಲೂ ಅಷ್ಟೇ ಎಂಬುದು ಅವನ ನಂಬಿಕೆ. ಅವನ ಪ್ಯಾಂಟುಗಳನ್ನು ಹೊಲಿಯುವವಳು ಅತ್ತೆ. ಗಿರಾಕಿಯ ಅಳತೆ ಟೇಪಿನ ಮೇಲಿರಬೇಕು, ನಾಲಿಗೆಯ ಮೇಲಲ್ಲ ಎಂಬುದು ಅವಳ ಕಸುಬಿನ ನೇಮ. ಟೇಪು ಸುತ್ತಿ, ನೋಡಿ, ಹೋದ ಸಲದಂತೆಯೇ ಇದೆ ಎಂದು ಹೇಳಿ ಸುಮ್ಮನೆ ಬಟ್ಟೆ ಹೆಚ್ಚಿಗೆ ಕತ್ತರಿಸುತ್ತಿದ್ದಳು. ಅಪ್ಪನ ಪ್ಯಾಂಟು ಒಣಹಾಕಿದರೆ ಪಕ್ಕದ ಮನೆಯವರು ಕಿಟಕಿಯ ಪರದೆ ಅಂದುಕೊಳ್ಳುತ್ತಾರೆ ಎಂದು ಅಮ್ಮ ನಗುತ್ತಿದ್ದಳು.

ಸೈಕಲ್ಲಿನ ನಿತ್ಯದ ಆರೈಕೆ ಅತ್ತೆಗೆ ಹೊಸದಲ್ಲ. ವಾರಕ್ಕೊಮ್ಮೆ ಚೈನನ್ನು ಹಳೆಯ ಬನಿಯನ್ನಿನ ತುಂಡಿನಿಂದ ಒರೆಸಿ, ಒಂದೊಂದು ಕೊಂಡಿಗೆ ಒಂದೊಂದೇ ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು, ಹೊರಗುಳಿದದ್ದನ್ನು ಮತ್ತೆ ಒರೆಸಿ ತೆಗೆಯುವಳು. ಎಣ್ಣೆ ಒಳಗೆ ಬೇಕು. ಹೊರಗಿದ್ದರೆ ಧೂಳಿಗೆ ಕರೆಯೋಲೆ. ಬ್ರೇಕಿನ ರಬ್ಬರಿನಲ್ಲಿ ಕಚ್ಚಿಕೊಂಡ ಮರಳನ್ನು ಸೂಜಿಯಿಂದ ಕೀಳುವಳು. ಪಂಕ್ಚರ್ ಅಂತೂ ಅವಳಿಗೆ ತೇಪೆ ಹಾಕಿದಷ್ಟೇ ಸಲೀಸು. ಆದರೆ ಚಕ್ರದ ಸೊಟ್ಟು ತೆಗೆಯುವುದು ಸೈಕಲ್ ಅಂಗಡಿಯವನ ಕೆಲಸ. ಅವನು ಕಣ್ಣಿನ ಆಪರೇಷನ್ನಿಗೆ ಬೇರೆ ಊರಿಗೆ ಹೋಗಿದ್ದ. ಮುಚ್ಚಿದ ಅಂಗಡಿಯ ಹಿಂದೆಯೇ ಅವರ ಮನೆ. ಅವನ ಹೆಂಡತಿ ಚಕ್ರದ ಕಡ್ಡಿ ಬಿಗಿಯುವ ಕೀಲಿಯನ್ನು ಬಾಗಿಲ ಸಂದಿಯಿಂದಲೇ ಕೊಟ್ಟಳು.

"ಮನೆ ಬೀಗದ ಕೈ ಬೇಕಾದ್ರೂ ಕೊಡ್ತಾರೆ, ಇದನ್ನ ಯಾರಿಗೂ ಕೊಡಲ್ಲ ನಮ್ಮೋರು" ಎಂದಳು. "ಒಂದು ಸಲಕ್ಕೆ ಕಾಲು ಸುತ್ತು. ಅಷ್ಟೇ ನಂಗೆ ಗೊತ್ತಿರೋದು."

ಸೈಕಲ್ಲಿನ ಚಕ್ರದಲ್ಲಿ ಅರ್ಧ ಕಡ್ಡಿಗಳು ರಿಮ್ಮನ್ನು ಎಡಕ್ಕೆ ಎಳೆಯುತ್ತವೆ, ಉಳಿದರ್ಧ ಬಲಕ್ಕೆ. ರಿಮ್ಮಿನ ಬಳಿ ಪ್ರತಿ ಕಡ್ಡಿಗೂ ಕೀಲಿಯಿಂದ ಬಿಗಿಯುವ, ಸಡಿಲಿಸುವ ಒಂದು ಪುಟ್ಟ ತಿರುಪು ಇರುತ್ತದೆ. ಅತ್ತೆ ಇದನ್ನು ನೋಡಿ ನೋಡಿಯೇ ಅರ್ಥ ಮಾಡಿಕೊಂಡಳು. ಸುತ್ತು ಎಲ್ಲಿ ಶುರುವಾಯಿತೆಂದು ತಿಳಿಯಲು ಒಂದು ಕಡ್ಡಿಗೆ ಕೆಂಪು ದಾರ ಕಟ್ಟಿದಳು. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣವನ್ನು ಸೈಕಲ್ಲಿನ ಚೌಕಟ್ಟಿಗೆ ಆನಿಸಿ ಹಿಡಿದು ಚಕ್ರ ತಿರುಗಿಸಿದಳು. ರಿಮ್ಮು ವಾಲಿದ ಕಡೆಯಲ್ಲೆಲ್ಲ ಬಿಳಿ ಗೆರೆ ಬಿತ್ತು. ಅಲ್ಲಿಯವರೆಗೆ ಎಲ್ಲವೂ ಸರಿ.

ಆಮೇಲೆ ಅವಳು ದರ್ಜಿಯೊಬ್ಬಳು ಮಾತ್ರ ಮಾಡಬಹುದಾದ ತಪ್ಪು ಮಾಡಿದಳು. ಬಟ್ಟೆ ಎಲ್ಲಿ ಎಳೆಯುತ್ತದೋ ಅಲ್ಲಿ ಹೊಲಿಗೆ ಸಡಿಲ ಬಿಡಬೇಕು. ಇದು ಅವಳ ಕೈಗೆ ಹತ್ತಿದ ವಿದ್ಯೆ. ರಿಮ್ಮು ಎಡಕ್ಕೆ ಎಳೆದಲ್ಲಿ ಎಡದ ಕಡ್ಡಿಗಳನ್ನು ಕಾಲು ಸುತ್ತು ಸಡಿಲಿಸಿದಳು. ಅದು ಸ್ವಲ್ಪ ಬಲಕ್ಕೆ ಹೋದರೆ ಬಲದವನ್ನು ಸಡಿಲಿಸಿದಳು. ಮತ್ತೆ ಎಡ, ಮತ್ತೆ ಬಲ. ಊಟದ ಹೊತ್ತಿಗೆ ಚಕ್ರ ಸೀಮೆಸುಣ್ಣಕ್ಕೆ ಎಲ್ಲೂ ತಾಗದೆ ನುಣ್ಣಗೆ ತಿರುಗುತ್ತಿತ್ತು. ನೋಡಲು ಅಷ್ಟು ಚೆನ್ನಾದ ಚಕ್ರ ಹೊಸ ಸೈಕಲ್ಲಿನಲ್ಲೂ ಇರದು.

ಅಪ್ಪ ಊಟಕ್ಕೆ ಬಂದವನು ಅದನ್ನು ಬಗ್ಗಿ ನೋಡಿದ. ತಿರುಗೋದು ಬೇರೆ, ಹೊರೋದು ಬೇರೆ ಎಂದು ಹೇಳಿ, ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನ ಕ್ಯಾರಿಯರ್ ಮೇಲೆ ಕೂತ. ಚಕ್ರ ಒಂದು ಕ್ಷಣ ತಡೆಯಿತು, ಆಮೇಲೆ ಪಕ್ಕಕ್ಕೆ ಮಡಚಿಕೊಂಡು ಚೌಕಟ್ಟಿಗೆ ಒತ್ತಿಕೊಂಡಿತು. ಅಪ್ಪ ಎದ್ದ ಮೇಲೆ ಅರ್ಧ ವಾಪಸು ಬಂತು, ಅರ್ಧ ಬರಲಿಲ್ಲ.

"ನಾನಿನ್ನೂ ಪೂರ್ತಿ ಭಾರ ಬಿಟ್ಟಿರಲಿಲ್ಲ ಕಣೆ" ಎಂದ ಅಪ್ಪ. ಅವನ ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. ನಾಳೆ ಮೂಲೆ ಖಾಲಿ ಮಾಡಿಸ್ತೀನಿ, ಒಳ್ಳೆ ಬೆಳಕಿದೆ ಅಲ್ಲಿ ಎಂದು ಮೆಲ್ಲಗೆ ಸೇರಿಸಿದ.

ಅತ್ತೆ ನೋಡೋಣ ಎಂದಳು.

ಆ ಮಧ್ಯಾಹ್ನ ಅವಳು ಕೀಲಿ ಮುಟ್ಟಲಿಲ್ಲ. ಒಪ್ಪಿಕೊಂಡಿದ್ದ ಒಂದು ಅಂಗಿ ಮುಗಿಸಲು ಯಂತ್ರದ ಮುಂದೆ ಕೂತಳು. ಯಂತ್ರದಲ್ಲಿ ಮೇಲಿನ ದಾರ, ಕೆಳಗಿನ ದಾರ ಎರಡೂ ಸಮನಾಗಿ ಎಳೆಯಬೇಕು. ಎರಡೂ ಸಮನಾಗಿ ಸಡಿಲವಾಗಿದ್ದರೆ ಹೊಲಿಗೆ ನೋಡಲು ನೇರವಾಗಿಯೇ ಇರುತ್ತದೆ, ಒಮ್ಮೆ ಜಗ್ಗಿದರೆ ಬಾಯಿ ಬಿಡುತ್ತದೆ. ಕಲಿಯುವವರ ಹೊಲಿಗೆಯನ್ನು ಅವಳು ಹೀಗೆಯೇ ಜಗ್ಗಿ ನೋಡಿ ಬಿಚ್ಚಿಸುತ್ತಿದ್ದಳು. ಅಂಗಿಯ ತೋಳನ್ನು ಅಭ್ಯಾಸದಂತೆ ಜಗ್ಗಿದವಳು ಕೈ ನಿಲ್ಲಿಸಿ, ಎದ್ದು ಹಿತ್ತಿಲಿಗೆ ಹೋದಳು.

ಮುಂದಿನ ಚಕ್ರದ ಕಡ್ಡಿಯೊಂದನ್ನು ಉಗುರಿನಿಂದ ಮೀಟಿದಳು. ಟಿಣ್ ಎಂದಿತು. ಹಿಂದಿನದನ್ನು ಮೀಟಿದಳು. ಒಣ ಪುಳ್ಳೆಯಂತೆ ಟಪ್ ಎಂದಿತು.

ಕಾರಣ ಇಷ್ಟೇ. ಕಡ್ಡಿಗಳು ಕಂಬಗಳಂತೆ ಭಾರ ಹೊರುವುದಿಲ್ಲ. ಹೊರಬೇಕೆಂದರೆ ಅಷ್ಟು ತೆಳುವಾದವು ಬಾಗಿಹೋಗುತ್ತವೆ. ಎಲ್ಲ ಕಡೆಯಿಂದ ಬಿಗಿಯಾಗಿ ಎಳೆದಿರುವುದರಿಂದಲೇ ರಿಮ್ಮು ನಡುವೆ ನಿಲ್ಲುತ್ತದೆ. ಮೇಲೆ ಭಾರ ಬಿದ್ದಾಗ ನೆಲದ ಕಡೆಯ ಕಡ್ಡಿಗಳ ಬಿಗಿ ಕಡಿಮೆಯಾಗುತ್ತದೆ. ಮೊದಲೇ ಬಿಗಿ ಇಲ್ಲದಿದ್ದರೆ ಅಲ್ಲಿ ರಿಮ್ಮನ್ನು ಹಿಡಿಯಲು ಏನೂ ಉಳಿಯುವುದಿಲ್ಲ.

ಭಾನುವಾರ ಬೆಳಗಾಗುತ್ತಲೇ ಅತ್ತೆ ಮತ್ತೆ ಕೂತಳು. ಈ ಸಲ ಕೆಂಪು ದಾರದಿಂದ ಕೆಂಪು ದಾರದವರೆಗೆ ಎಲ್ಲ ಕಡ್ಡಿಗಳನ್ನೂ ಕಾಲು ಸುತ್ತು ಬಿಗಿದಳು. ಮತ್ತೊಂದು ಬಾರಿ, ಮಗದೊಂದು ಬಾರಿ. ರಿಮ್ಮು ಎಡಕ್ಕೆ ವಾಲಿದಲ್ಲಿ ಬಲದವನ್ನು ಬಿಗಿದಳು. ಕೈ ತಾನಾಗಿ ಸಡಿಲಿಸುವ ಕಡೆಗೆ ಹೋದಾಗಲೆಲ್ಲ ಕೈಯನ್ನೇ ಗದರಿದಳು. ಅಮ್ಮ ಎರಡು ಸಲ ಊಟಕ್ಕೆ ಕರೆದು, ಮೂರನೆಯ ಸಲ ತಟ್ಟೆಯನ್ನೇ ತಂದು ಪಕ್ಕದಲ್ಲಿಟ್ಟಳು. ಹೆಬ್ಬೆರಳಿನ ಚರ್ಮ ಸುಲಿದಾಗ ಅತ್ತೆ ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಲೋಹದ ಅಂಗುಸ್ತಾನ ತೊಟ್ಟುಕೊಂಡಳು. ಸಂಜೆಗೆ ಚಕ್ರ ಶನಿವಾರದಷ್ಟು ಚೆಂದವಾಗಿರಲಿಲ್ಲ. ಒಂದು ಕಡೆ ಸೀಮೆಸುಣ್ಣಕ್ಕೆ ಕೂದಲೆಳೆಯಷ್ಟು ತಾಗುತ್ತಲೇ ಇತ್ತು. ಆದರೆ ಮೀಟಿದರೆ ಹಾಡುತ್ತಿತ್ತು.

"ಅಣ್ಣ, ಕೂತ್ಕೋ ಬಾ" ಎಂದಳು.

"ನಿನ್ನೆ ನೋಡಿದ್ದು ಸಾಲ್ದಾ?"

"ಇವತ್ತು ಪೂರ್ತಿ ಭಾರ ಬಿಡು. ನಾಚ್ಕೋಬೇಡ."

ಅಪ್ಪ ಕೂತ. ಚಕ್ರ ಕಿರ್ ಎನ್ನಲಿಲ್ಲ. ಅತ್ತೆ ಮುಂದೆ ಹತ್ತಿ ತುಳಿದೇ ಬಿಟ್ಟಳು. ನಮ್ಮ ಬೀದಿಯ ತುದಿಯವರೆಗೆ ಹೋಗಿ, ಅದೇ ಚರಂಡಿ ಮುಚ್ಚಳದ ಪಕ್ಕದಲ್ಲಿ ತಿರುಗಿ ಬಂದರು. ಅಪ್ಪ ಎರಡೂ ಕಾಲು ಎತ್ತಿಕೊಂಡು, ಬಿದ್ದರೆ ಯಾವ ಕಡೆ ಹಾರಬೇಕೆಂದು ನೋಡುತ್ತಲೇ ಇದ್ದ. ಇಳಿದವನು ಪ್ಯಾಂಟು ಕೊಡವಿಕೊಂಡು, ಬೆಳಿಗ್ಗೆ ಎಷ್ಟಕ್ಕೆ ಎಬ್ಬಿಸಲಿ ಎಂದು ಮಾತ್ರ ಕೇಳಿದ.

ಸೋಮವಾರ ಏಳಕ್ಕೆ ಇನ್ನೂ ಸಮಯವಿರುವಾಗಲೇ ಅತ್ತೆ ಆಸ್ಪತ್ರೆಯ ಹಿಂಬಾಗಿಲಲ್ಲಿ ಇಳಿದಳು. ಮೇಲ್ವಿಚಾರಕಿ ಹೊರಗೇ ನಿಂತಿದ್ದಳು. ರಿಮ್ಮಿನ ಮೇಲಿನ ಬಿಳಿ ಗೆರೆಗಳನ್ನೂ ಕಡ್ಡಿಗೆ ಕಟ್ಟಿದ ಕೆಂಪು ದಾರವನ್ನೂ ನೋಡಿ, ಇದೇನೆಂದು ಕೇಳಿದಳು. ಮನೆಯಲ್ಲೇ ರಿಪೇರಿ ಮಾಡಿದ್ದೆಂದು ಅತ್ತೆ ಹೇಳಿದಳು. ಮೇಲ್ವಿಚಾರಕಿಗೆ ಅದು ರುಚಿಸಲಿಲ್ಲ. ಮನೆ ರಿಪೇರಿಯನ್ನು ನಂಬಿ ನಾನು ಬೇರೆಯವರಿಗೆ ಇಲ್ಲ ಅಂತ ಹೇಳ್ಲಾ, ನಾಳೆ ದಾರಿಯಲ್ಲಿ ಕೈ ಕೊಟ್ಟರೆ ಎಂದಳು.

"ಕೊಡಲ್ಲ. ನಮ್ಮಣ್ಣನ್ನ ಹಿಂದೆ ಕೂರಿಸ್ಕೊಂಡು ಬೀದಿ ಸುತ್ತಿದೀನಿ."

"ನಿಮ್ಮಣ್ಣ ಎಷ್ಟು ದಪ್ಪ ಇದಾರೆ ಅಂತ ನಂಗೇನಮ್ಮ ಗೊತ್ತು?"

ಅತ್ತೆ ಹಿಂದಕ್ಕೊಮ್ಮೆ ತಿರುಗಿ ರಸ್ತೆ ನೋಡಿದಳು. ಅಪ್ಪ ಎಲ್ಲೂ ಇರಲಿಲ್ಲ. ಅಷ್ಟು ವರ್ಷದ ಕಸುಬಿನಲ್ಲಿ ಗಿರಾಕಿಯೊಬ್ಬರ ಅಳತೆಯನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೊಂದೇ ಸಲ.

"ಸೊಂಟ ನಲವತ್ನಾಲ್ಕು."