ಖಾಸಿಂಬಿಯ ಮನೆಯಲ್ಲಿ ನನ್ನ ಕೈ

ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದೆ. ಪಕ್ಕದ ಮನೆಯ ಬಸವ್ವ ಓಡಿ ಬಂದಳು. "ಯಕ್ಕಾ, ನಿಮ್ಮ ಮನಿಯವ್ರು ಚೀಲ ಹೊತ್ಕೊಂಡು ಹಲಿಗಿ ಮ್ಯಾಲಿಂದ ಜಾರಿ ಬಿದ್ದಾರಂತ. ಪಾದ ಹೊರಳ್ಯದಂತ್ರೀ."

ಎಂಬತ್ತರ ದಶಕದ ಆರಂಭದ ಮಾತಿದು. ಆಗ ನಾವು ಮಾನ್ವಿಯಲ್ಲಿದ್ದೆವು. ನಮ್ಮ ಮನೆಯವರು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಾನು ದಿನಾ ದೀಪ ಹಚ್ಚುವವಳು, ದೇವರನ್ನು ನಂಬಿದವಳು. ಆದರೆ ಉಳುಕು ತೆಗೆಯುವವರನ್ನು ಎಂದೂ ನಂಬಿದವಳಲ್ಲ. ನಮ್ಮ ಸೋದರಮಾವನ ಮೊಣಕೈಯನ್ನು ಯಾರೋ ಎಳೆದು ತಿಕ್ಕಿದ ಮೇಲೆ, ಆ ಕೈ ಅವನು ಇರುವತನಕ ನೆಟ್ಟಗಾಗಲಿಲ್ಲ. ಅದನ್ನು ನೋಡಿಯೇ ನಾನು ಬೆಳೆದದ್ದು.

ಹಾಗಾಗಿ ಇವರನ್ನು ರಾಯಚೂರಿನ ಆಸ್ಪತ್ರೆಗೇ ಕರೆದೊಯ್ದೆ. ಎಲುಬು ಮುರಿದಿಲ್ಲ, ಕೀಲು ಉಳುಕಿದೆ, ಕಾಲು ಊರಬಾರದು ಎಂದರು ಡಾಕ್ಟರು. ಎಲುಬು ಉಳಿಯಿತಲ್ಲ ಎಂದು ಅಲ್ಲೇ ಕೈಮುಗಿದೆ. ಮೂರು ವಾರವಾಯಿತು. ಬಾವು ಇಳಿಯಿತು, ನೋವು ಇಳಿಯಲಿಲ್ಲ. ಹಿಮ್ಮಡಿ ನೆಲಕ್ಕೆ ತಾಗಿದರೆ ಸಾಕು, ಹಲ್ಲು ಕಚ್ಚುತ್ತಿದ್ದರು. ಅವರನ್ನು ಹಿತ್ತಲಿಗೆ ಕರೆದೊಯ್ಯುವುದು, ನಲ್ಲಿಯ ಮುಂದೆ ನಿಂತು ನೀರು ತರುವುದು, ಇಬ್ಬರು ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸುವುದು. ನನಗೆ ಅಳುವಷ್ಟೂ ತ್ರಾಣ ಉಳಿದಿರಲಿಲ್ಲ.

ಒಂದು ದಿನ ಗಿರಣಿಯ ಮೇಸ್ತ್ರಿ ಬಂದರು. ಕೆಟ್ಟವರೇನಲ್ಲ. "ಸುಗ್ಗಿ ನಡದದ ತಂಗಿ. ಸೋಮವಾರ ತನಕ ಹೆಂಗರ ತಡಿತೀನಿ. ಆಮ್ಯಾಲ ಇವನ ಜಾಗಕ್ಕ ಬ್ಯಾರೆಯವ್ರು ಬರ್ತಾರ," ಎಂದು ನೆಲ ನೋಡಿಕೊಂಡೇ ಹೇಳಿ ಹೋದರು. ನಮಗಿದ್ದದ್ದು ಅದೊಂದೇ ಕೆಲಸ.

ಮಸರಕಲ್‌ನಲ್ಲಿ ಖಾಸಿಂಬಿ ಎಂಬ ಮುದುಕಿ ಉಳುಕು ತೆಗೆಯುತ್ತಾಳೆ ಎಂದು ಬಸವ್ವ ಹೇಳಿದಳು. ಬೇರೆ ದಾರಿ ತೋಚದೆ ಶನಿವಾರ ಬೆಳಿಗ್ಗೆ ಹೊರಟೆವು. ದೇವದುರ್ಗದಲ್ಲಿ ಬಸ್ಸು ಬದಲಿಸುವಾಗ ಯಾರೋ ಪುಣ್ಯಾತ್ಮರು ಇವರ ರಟ್ಟೆ ಹಿಡಿದು ಹತ್ತಿಸಿದರು, ಇನ್ನೊಬ್ಬರು ಎದ್ದು ಸೀಟು ಬಿಟ್ಟುಕೊಟ್ಟರು.

ಹೋಗಿ ನೋಡಿದರೆ ಖಾಸಿಂಬಿಗೆ ಬಲಗೈ ಸ್ವಾಧೀನವೇ ಇಲ್ಲ. ಲಕ್ವಾ ಹೊಡೆದು ಎರಡು ತಿಂಗಳಾಗಿತ್ತಂತೆ. ಆ ಕೈ ಮಡಿಲಲ್ಲಿ ಸತ್ತ ಹಕ್ಕಿಯ ಹಾಗೆ ಬಿದ್ದಿತ್ತು. ಇವರಿಗೆ ಸಿಟ್ಟು ಬಂತು. "ನಡಿಲೇ ಹೋಗೂನು. ತನ್ನ ಕೈನ ನೆಟ್ಟಗಿಲ್ಲ, ನನ್ನ ಕಾಲೇನು ನೆಟ್ಟಗ ಮಾಡ್ತಾಳ!"

ಮುದುಕಿ ನಕ್ಕಳು. "ನಾಲಿಗಿ ಉಳುಕಿಲ್ಲ ಬೇಟಾ ನಿಂದು, ಛಲೋ ಆತು. ಕುಂದ್ರು." ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಕೈ ಅವಲ್ಲಬೇ? ಎಣ್ಣಿ ಹಚ್ಕೋ," ಎಂದಳು.

"ನನಗ ಬರಂಗಿಲ್ರೀ, ಯವ್ವಾ."

"ರೊಟ್ಟಿ ಬಡಿಯಾಕ ಬರ್ತದಲ್ಲ? ಕಣ್ಣು ಮುಚ್ಚು. ನಿಮ್ಮ ದೇವರ ಹೆಸರು ತೊಗೋ. ಗಡಿಬಿಡಿ ಮಾಡಬ್ಯಾಡ."

ಬೆಚ್ಚನೆಯ ಔಡಲೆಣ್ಣೆ ಹಚ್ಚಿಕೊಂಡು, ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದೆ. ಮುದುಕಿ ನನ್ನ ಹಿಂದೆ ಬಂದು ಕೂತಂತಾಯಿತು. ನನ್ನ ಎರಡೂ ಮುಂಗೈಗಳ ಮೇಲೆ ಎರಡು ಅಂಗೈ ಬಂದು ಕೂತವು. ಒರಟು, ಬಿಸಿ. ಎಲುಬಿನ ಗುಂಟ ಮೆಲ್ಲಗೆ ಕೆಳಗಿಳಿಸಿ, ಕಾಲಿನ ಹರಡಿನ ಕೆಳಗೆ ಒಂದು ಕಡೆ ನನ್ನ ಹೆಬ್ಬೆರಳನ್ನು ನಿಲ್ಲಿಸಿದವು. ಅಲ್ಲಿ ಭತ್ತದ ಕಾಳಿನಷ್ಟು ಗಂಟು ತಾಗಿತು. ಬಲಗಡೆಯ ಅಂಗೈ ಹಿಮ್ಮಡಿ ಹಿಡಿಸಿತು, ಎಡಗಡೆಯದು ಪಾದವನ್ನು ಮುಂದಕ್ಕೆ ಎಳೆಸಿ ಒಳಮಗ್ಗುಲಿಗೆ ಹೊರಳಿಸಿತು. ಟಕ್ ಎಂದಿತು. ಇವರು ಒಮ್ಮೆ ಚೀರಿ ಸುಮ್ಮನಾದರು.

ಕಣ್ಣು ತೆರೆದೆ. ಖಾಸಿಂಬಿ ಕೋಣೆಯ ಆ ತುದಿಯಲ್ಲಿ ಒಲೆಯ ಮುಂದೆ ಕೂತು ಎಡಗೈಯಿಂದ ಚಹಾ ಸೋಸುತ್ತಿದ್ದಳು. ಬಲಗೈ ಮಡಿಲಲ್ಲೇ ಇತ್ತು.

"ನೀವಲ್ಲೇನ್ರೀ ನನ್ನ ಕೈ ಹಿಡದದ್ದು?" ಎಂದೆ.

"ನಾ ಎಲ್ಲಿ ಹಿಡದೀನಿ ಬೇಟಿ? ಇಲ್ಲಿಂದ ಎದ್ದಿಲ್ಲ ನಾ."

ಇವರೂ ಅದನ್ನೇ ಹೇಳಿದರು. ಅವರು ಮೊದಲಿಂದ ಕಣ್ಣು ಬಿಟ್ಟುಕೊಂಡೇ ಇದ್ದರು. "ನಿನ್ನ ಹಿಂದ ಯಾರೂ ಇದ್ದಿಲ್ಲಲೇ," ಎಂದವರೇ, ಗೋಡೆ ಹಿಡಿದು ಎದ್ದು ನಿಂತರು. ಹಿಮ್ಮಡಿ ನೆಲಕ್ಕೆ ಊರಿತು.

ಮುಂದೆ ನನ್ನ ಸಣ್ಣ ಮಗಳ ಪಾದ ಉಳುಕಿದಾಗ, ಅದೇ ಎಣ್ಣೆ ಹಚ್ಚಿ, ಅದೇ ದೇವರ ಹೆಸರು ಹೇಳಿ, ಕಣ್ಣು ಮುಚ್ಚಿ ಕೂತೆ. ಯಾವ ಅಂಗೈಯೂ ಬರಲಿಲ್ಲ. ಹುಡುಗಿ ಅತ್ತಳಷ್ಟೇ. ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಂದು ಇವರ ಪಾದಕ್ಕೆ ತಾನಾಗಿಯೇ ಗುಣವಾಗುವ ಹೊತ್ತು ಬಂದಿತ್ತೋ ಏನೋ ಎಂದೂ ಯೋಚಿಸಿದ್ದೇನೆ. ಆದರೆ ನನ್ನ ಮುಂಗೈ ಮೇಲಿದ್ದ ಆ ಬಿಸಿಯನ್ನು ಏನೆಂದು ಹೇಳಲಿ? ನನಗೆ ಇನ್ನೂ ತಿಳಿದಿಲ್ಲ.

ಆ ಸೋಮವಾರ ಅವರು ತಲೆಗೆ ಟವೆಲ್ ಸುತ್ತಿಕೊಂಡು ಗಿರಣಿಗೆ ಹೊರಟರು. ನಾನು ಬಾಗಿಲಲ್ಲಿ ನಿಂತು ಅವರ ಮುಖ ನೋಡಲಿಲ್ಲ, ಪಾದವನ್ನೇ ನೋಡಿದೆ. ಓಣಿಯ ತಿರುವಿನತನಕ ಒಂದೂ ಹೆಜ್ಜೆ ಕುಂಟಲಿಲ್ಲ. ಅವರು ಮರೆಯಾದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಆಮೇಲೆ ಒಳಗೆ ಹೋಗಿ, ಮೂರು ವಾರದಿಂದ ಅವರು ಹೊದ್ದು ಮಲಗಿದ್ದ ಕೌದಿಯನ್ನು ಒಗೆಯಲು ನೆನೆಹಾಕಿದೆ.