ಆ ತೋಟದ ಕೆಂಪು ಬಾಳೆಹಣ್ಣು

ವರ್ಷಕ್ಕೊಮ್ಮೆ ಕಮಲಾಪುರದಿಂದ ಕೆಂಪು ಬಾಳೆಗೊನೆ ಬಂದಾಗಲೆಲ್ಲ ಪಾರ್ವತೀಬಾಯಿ ಮುಖ ತಿರುಗಿಸಿಬಿಡುತ್ತಿದ್ದರು. ಬಾಯಿಯವರಿಗೆ ಆ ಹಣ್ಣು ಕಂಡರಾಗದು ಎಂದು ಆಸ್ಪತ್ರೆಯ ಮಂದಿ ಆಡಿಕೊಳ್ಳುತ್ತಿದ್ದರು. ಪಾಪ, ಆಸೆ ಇದ್ದವರೂ ಹಾಗೆಯೇ ಮುಖ ತಿರುಗಿಸುತ್ತಾರೆಂದು ಅವರಿಗೆಲ್ಲಿ ತಿಳಿಯಬೇಕು!

ಬಾಯಿಯವರು ಹುಟ್ಟಿದ್ದು ಕಮಲಾಪುರದಲ್ಲೇ. ತಂದೆ ಗೋಪಾಲರಾಯರಿಗೆ ಅಲ್ಲೊಂದು ಸಣ್ಣ ಬಾಳೆತೋಟವಿತ್ತು. ಶಾಲೆಯಿಂದ ಬಂದ ಮಗಳನ್ನು ತಾಯಿ ಬದುವಿನ ಮೇಲೆ ಕೂಡಿಸಿಕೊಂಡು ಹಣ್ಣು ಸುಲಿದು ಕೈಗೆ ಕೊಡುತ್ತಿದ್ದರು. 'ನನಗ ಸುಲೀಲಿಕ್ಕೆ ಬರ್ತದ' ಎಂದು ಮಗಳು ಎಷ್ಟು ರಂಪ ಮಾಡಿದರೂ ಕೇಳುತ್ತಿರಲಿಲ್ಲ. ಆ ತಾಯಿಯ ಕಿಡ್ನಿ ಕೆಟ್ಟಾಗ ರಾಯರು ತೋಟ ಮಾರಿ ಆಸ್ಪತ್ರೆಗೆ ಸುರಿದರು. ತೋಟವೂ ಹೋಯಿತು, ತಾಯಿಯೂ ಉಳಿಯಲಿಲ್ಲ.

ಮುಂದೆ ಬಿ.ಕಾಂ. ಓದಿದ ಮಗಳಿಗೆ ಕಲಬುರಗಿಯ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಬಡರೋಗಿಗಳ ನಿಧಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಇನ್ನೊಬ್ಬರ ತೋಟ ಹೀಗೆ ಹೋಗಬಾರದು ಎಂದು ಅವರು ಬಾಯಿಬಿಟ್ಟು ಹೇಳಿದವರಲ್ಲ, ನಡೆದುಕೊಂಡದ್ದು ಮಾತ್ರ ಹಾಗೆಯೇ. ದಾನದ ಅಸಲು ಬ್ಯಾಂಕಿನ ಠೇವಣಿಯಲ್ಲಿರಬೇಕು, ಖರ್ಚಿಗೆ ಬಡ್ಡಿ ಮಾತ್ರ. ನೆರವು ನಗದಾಗಿ ಯಾರ ಕೈಗೂ ಸಿಗದು, ನೇರ ಔಷಧಿ ಅಂಗಡಿಗೆ ಹೋಗಬೇಕು. ತಿಂಗಳ ಲೆಕ್ಕವನ್ನು ರೋಗಿಗಳು ಸಾಲು ನಿಲ್ಲುವ ಗೋಡೆಗೇ ಅಂಟಿಸಬೇಕು. ಒಮ್ಮೆ ಅತುಲ ಎಂಬ ಟ್ರಸ್ಟಿ, ಅಸಲು ಮುರಿದು ಬಾಗಿಲಿಗೆ ದಾನಿಗಳ ಹೆಸರಿನ ಕಮಾನು ಕಟ್ಟಿಸೋಣವೆಂದ.

"ಕಮಾನಿನ ಕೆಳಗ ಡಯಾಲಿಸಿಸ್ ಆಗ್ತದೇನ್ರಿ?" ಎಂದರು ಬಾಯಿ. ಕಮಾನಿನ ಮಾತು ಅಲ್ಲಿಗೇ ನಿಂತಿತು.

ಆದರೆ ಅವರೇ ಮಾಡಿದ ಇನ್ನೊಂದು ನಿಯಮ ಅವರನ್ನೇ ಕಟ್ಟಿಹಾಕಿತು. ನಿಧಿ ನೋಡುವವರು ರೋಗಿಗಳ ಕಡೆಯವರಿಂದ ಒಂದು ಲೋಟ ಚಹಾ ಕೂಡ ಮುಟ್ಟಬಾರದು. ಕಮಲಾಪುರದ ಹಣಮಮ್ಮನಿಗೆ ಹೊಟ್ಟೆಯ ಗಡ್ಡೆ ತೆಗೆದದ್ದು ಈ ನಿಧಿಯಿಂದಲೇ. ಗುಣವಾದ ಮೇಲೆ ಗಂಡ ದತ್ತಪ್ಪ ಅವಳೊಂದಿಗೆ ಗೊನೆ ಹೊತ್ತು ಬಂದ.

"ತಗೋರಿ ಬಾಯಾರ, ನಮ್ಮ ತ್ವಾಟದ್ದು. ಮೊದಲ ಗೋಪಾಲರಾಯರು ಅಂತಿದ್ರಂತ, ಅವರದಿತ್ತು. ಅವರು ಹಚ್ಚಿದ ಗಿಡದ ಮರಿಗೋಳೇ ಇನ್ನೂ ಫಲ ಕೊಡಾಕತ್ತಾವ."

ಬಾಯಿಯವರು ಗೊನೆಯಿಂದ ಮುಖ ತಿರುಗಿಸಿದರು. ತಾನು ಯಾರ ಮಗಳೆಂದು ಹೇಳಲಿಲ್ಲ. "ಕ್ಯಾಂಟೀನಿನ್ಯಾಗ ಇಡ್ರಿ. ಮಾರಿ ನಿಧಿಗೆ ಜಮಾ ಮಾಡ್ತೀವಿ, ರಸೀದಿ ಒಯ್ರಿ."

"ಒಂದರ ತಿನ್ರಿ, ನಮ್ಮ ಸಮಾಧಾನಕ್ಕ," ಎಂದಳು ಹಣಮಮ್ಮ.

"ಇವತ್ತ ಒಂದು ಹಣ್ಣು, ನಾಳೆ ಒಂದು ಸೀರಿ. ಬ್ಯಾಡವಾ."

ಅಂದು ಸಂಜೆ ಬಾಯಿಯವರು ಜೇವರ್ಗಿ ಕಾಲೋನಿಯ ತಮ್ಮ ಮನೆ ಮುಟ್ಟಿದವರೇ ಬಾಗಿಲು ಹಾಕಿಕೊಂಡು ಅತ್ತರು. ಪೇಟೆಯಲ್ಲಿ ಕೆಂಪು ಬಾಳೆ ಸಿಗದೇನಲ್ಲ, ಕೊಂಡು ತಿಂದೂ ನೋಡಿದರು. ಅದು ಆ ತೋಟದ್ದಲ್ಲ. ಬಸ್ಸು ಹತ್ತಿದರೆ ಕಮಲಾಪುರವೇನು ದೂರ? ಆದರೆ ಅಲ್ಲಿಗೆ ಹೋಗಿ ತಿನ್ನದೆ ಬರುವೆನೆಂಬ ಭರವಸೆ ಅವರಿಗೇ ಇರಲಿಲ್ಲ. ವರ್ಷ ವರ್ಷವೂ ಗೊನೆ ಬಂತು, ಕ್ಯಾಂಟೀನು ಸೇರಿತು. ಅದರ ಪರಿಮಳ ಮಾತ್ರ ಮಧ್ಯಾಹ್ನದವರೆಗೂ ಆಫೀಸಿನಲ್ಲಿ ಸುಳಿಯುತ್ತಿತ್ತು.

ಕಳೆದ ವರ್ಷ ನಿವೃತ್ತರಾದರು. ಹೊಸಬಳಾದ ಸಮೀಕ್ಷಾಳಿಗೆ ಬೀಗದ ಕೈ ಒಪ್ಪಿಸಿ, ಮರುದಿನವೇ ಕಮಲಾಪುರದ ಬಸ್ಸು ಹತ್ತಿದರು. ತೋಟದಲ್ಲಿ ಹಣಮಮ್ಮ ಒಬ್ಬಳೇ ಇದ್ದಳು. ಬಾಯಿಯವರು ಬದುವಿನ ಮೇಲೆ ಕೂತು ತಾನು ಗೋಪಾಲರಾಯರ ಮಗಳೆಂದು ಹೇಳಿದಾಗ ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಓಡಿಹೋಗಿ ಮಾಗಿದ ಚಿಪ್ಪು ತಂದಿಟ್ಟಳು.

ಬಾಯಿಯವರು ಒಂದು ಹಣ್ಣು ಸುಲಿದು ಬಾಯಿಗಿಟ್ಟರು. ಅದೇ ರುಚಿ. ಆದರೆ ಎರಡನೆಯ ತುತ್ತು ಇಳಿಯಲಿಲ್ಲ.

"ಯಾಕ್ರಿ ಬಾಯಾರ, ಚಲೋ ಇಲ್ಲೇನ್ರಿ?"

"ಚಲೋ ಅದವಾ. ನಮ್ಮವ್ವ ಇಲ್ಲೇ ಕೂತು ಸುಲದು ಕೊಡ್ತಿದ್ಲು."

ಹಣಮಮ್ಮ ಸೆರಗಿಗೆ ಕೈ ಒರೆಸಿಕೊಂಡಳು. ಇನ್ನೊಂದು ಹಣ್ಣು ಮುರಿದು, ಸುಲಿದು, ಮುಂದೆ ಹಿಡಿದಳು. ಅಭ್ಯಾಸ ಎಲ್ಲಿ ಹೋಗುತ್ತದೆ, ಬಾಯಿಯವರ ಕೈ ಬೇಡವೆಂದು ಅಡ್ಡ ಬಂತು.

"ಈಗ ನೀವು ಆಪೀಸಿನ್ಯಾಗ ಇಲ್ರಿ," ಎಂದಳು ಹಣಮಮ್ಮ. "ತಿನ್ರಿ."

ಅಡ್ಡ ಬಂದ ಕೈ ಮೆಲ್ಲಗೆ ಚಾಚಿಕೊಂಡಿತು.