ಭಾನುವಾರದ ಮೂಗು

ನನ್ನ ಮಗಳ ಮೂಗಿನ ಬಗ್ಗೆ ಸಲಹೆ ಕೊಡದವರು ಕಮ್ಮನಹಳ್ಳಿಯಲ್ಲಿ ಇನ್ನೂ ಯಾರಾದರೂ ಉಳಿದಿದ್ದರೆ, ದಯವಿಟ್ಟು ನಮ್ಮ ಮನೆ ಕಡೆ ಬರಬೇಡಿ. ಸಾಕಾಗಿದೆ. ಸಿರಿಗೆ ಎಂಟು ವರ್ಷ. ಅದರಲ್ಲಿ ಎರಡು ವರ್ಷ ಅವಳು ಉಸಿರಾಡಿದ್ದು ಬಾಯಿಂದ. ಮಲ್ಲಿಗೆಗೂ ಫಿನಾಯಿಲಿಗೂ ಅವಳಿಗೆ ವ್ಯತ್ಯಾಸವಿರಲಿಲ್ಲ. ಕೆಳಗಿನ ಮನೆಯ ಶಬಾನಾ ಆಪಾ ಅಜವಾನದ ಗಂಟು ಬಿಸಿ ಮಾಡಿ ಕೊಟ್ಟರು. ನಮ್ಮತ್ತೆ ರಾಯಚೂರಿನಿಂದ ಫೋನಿನಲ್ಲೇ ಹಬೆ ಹಿಡಿಸಿದರು.

ರಿಚರ್ಡ್ಸ್ ಟೌನಿನ ಡಾಕ್ಟರು ಮಾತ್ರ ಇದು ನೆಗಡಿಯಲ್ಲ, ಸೈನಸ್ ಎಂದರು. "ಮೊದ್ಲು ದಿನಾ ಎರಡು ಹೊತ್ತು ಉಪ್ಪುನೀರಲ್ಲಿ ಮೂಗು ತೊಳೀರಿ, ಸ್ಪ್ರೇ ಹೊಡೀರಿ. ಹೋಗ್ಲಿಲ್ಲ ಅಂದ್ರೆ ಬಲೂನ್ ಮಾಡೋಣ."

ಯಾವ ಬಣ್ಣದ್ದು ಎಂದು ಸಿರಿ ಕೇಳಿದಳು. ಮೂಗಿನೊಳಗೆ ಸಣ್ಣ ಕೊಳವೆ ಹೋಗಿ, ಕಟ್ಟಿಕೊಂಡ ದಾರಿಯಲ್ಲಿ ಪುಟ್ಟ ಬಲೂನು ಉಬ್ಬಿ, ಜಾಗ ಅಗಲಿಸಿ ವಾಪಸು ಬರುತ್ತದಂತೆ. ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ ಎಂದು ಕೇಳಿದ ಹಿರಿಯರಿಗೆ ಕೊನೆಗೂ ಒಂದು ಸಮಾಧಾನ. ಆದರೆ ಮಕ್ಕಳಿಗಾದರೆ ಪೂರ್ತಿ ಅರಿವಳಿಕೆ ಕೊಡಬೇಕು. ಆ ಮಾತು ಕೇಳಿದಾಗಿನಿಂದ ನನಗೆ ಭಯ.

ಎರಡು ತಿಂಗಳ ಮೇಲೆ ಮತ್ತೆ ಹೋದೆವು. "ದಿನಾ ತೊಳೆದ್ರಾ?"

"ತಪ್ಪದೆ ಸರ್."

"ಹಾಗಾದ್ರೆ ಬಲೂನ್ ಮಾಡೋದೇ ಒಳ್ಳೇದು," ಎಂದು ಅವರು ಪೆನ್ನು ತೆಗೆದರು.

"ಅಮ್ಮಾ, ನಾವು ಭಾನುವಾರ ಮಾತ್ರ ಅಲ್ವಾ ಮಾಡೋದು? ಎಣ್ಣೆಸ್ನಾನದ ದಿನ?" ಎಂದಳು ಸಿರಿ.

ನಿಜ. ನಮ್ಮ ಮನೆಯಲ್ಲಿ ದೇಹದ ರಿಪೇರಿಯೆಲ್ಲ ಭಾನುವಾರವೇ: ತಲೆಗೆ ಎಣ್ಣೆ, ಉಗುರಿಗೆ ಕತ್ತರಿ. ಮೂಗೂ ಆ ಸಾಲಿಗೆ ಸೇರಿಕೊಂಡಿತ್ತು. ಉಳಿದ ಆರು ದಿನ ಸ್ಕೂಲ್ ವ್ಯಾನು, ಆಫೀಸು, ಸುಸ್ತು. ಡಾಕ್ಟರ ಮುಂದೆ ಒಳ್ಳೆಯ ತಾಯಿ ಅನ್ನಿಸಿಕೊಳ್ಳುವ ಆಸೆಗೆ ಮಗಳನ್ನು ಅರಿವಳಿಕೆಯ ಟೇಬಲ್ಲಿಗೆ ಕಳಿಸಲು ಹೊರಟಿದ್ದೆ. ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿಲ್ಲ.

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. "ಆರು ವಾರ ನಿಜ್ವಾಗ್ಲೂ ಮಾಡಿ. ಆಮೇಲೆ ನೋಡೋಣ."

ಮಾಡಿದೆವು. ಸಿರಿಯ ಷರತ್ತು ಒಂದೇ: ಮೊದಲು ಅಮ್ಮನ ಮೂಗು, ಆಮೇಲೆ ತನ್ನದು. ಕುದಿಸಿ ಆರಿಸಿದ ನೀರಿಗೆ ಉಪ್ಪಿನ ಪುಡಿ ಕದಡಿ, ಸಿಂಕಿಗೆ ಬಗ್ಗಿ, ಈ ಹೊಳ್ಳೆಯಲ್ಲಿ ಬಿಟ್ಟು ಆ ಹೊಳ್ಳೆಯಲ್ಲಿ ಹರಿಸುವುದು. ಇದನ್ನೇ ಯೋಗಿಗಳು ಜಲನೇತಿ ಎಂದು ಕರೆದು ಮನಸ್ಸು ತಿಳಿಯಾಗುತ್ತದೆ ಎಂದರು. ಅವರ ಬಾಗಿಲಲ್ಲಿ ಸ್ಕೂಲ್ ವ್ಯಾನು ಹಾರ್ನ್ ಹೊಡೆಯುತ್ತಿರಲಿಲ್ಲ. ಎಷ್ಟೋ ದಿನ ಅವಳು ಅತ್ತಳು, ನಾನು ಗದರಿದೆ.

ಐದನೇ ವಾರ, ಒಂದು ಬೆಳಿಗ್ಗೆ, ಹಾಲು ಒಲೆಗಿಟ್ಟು ಸ್ಟೂಲಿನ ಮೇಲೆ ಕೂತವಳು ಹಾಗೇ ತೂಕಡಿಸಿದೆ.

"ಅಮ್ಮಾ! ಹಾಲು ಸೀದೋಗ್ತಿದೆ!" ಸಿರಿ ರೂಮಿನಲ್ಲಿ ಸಾಕ್ಸ್ ಹಾಕಿಕೊಳ್ಳುತ್ತಿದ್ದಳು. ಅಲ್ಲಿಂದ ಒಲೆ ಕಾಣಿಸುವುದಿಲ್ಲ.

"ಹೆಂಗೊತ್ತಾಯ್ತೇ?"

"ವಾಸ್ನೆ ಬರ್ತಿದ್ಯಲ್ಲಾ!"

ಬಲೂನು ಬೇಕೋ ಬೇಡವೋ ಡಾಕ್ಟರು ಮುಂದಿನ ವಾರ ಹೇಳುತ್ತಾರೆ. ಈ ಸಲ ಅವರ ಪ್ರಶ್ನೆಗೆ ಸಿರಿಯೇ ಉತ್ತರ ಕೊಡಲಿ. ಸೀದ ಪಾತ್ರೆ ಉಜ್ಜುತ್ತ ನಾನು ಚೆನ್ನಾಗಿ ಅತ್ತುಬಿಟ್ಟೆ, ಮೂಗು ಪೂರ್ತಿ ಕಟ್ಟಿಕೊಂಡಿತು. ಸಿರಿ ಉಪ್ಪುನೀರಿನ ಬಾಟಲಿ ತಂದು ನನ್ನ ಕೈಗಿಟ್ಟಳು.